ಆಕಳಿಗಿಂತ ಮೊದಲು ಹೊಕ್ಕ ಮೊಲಗಳು

ಅವ್ವನಿಗೆ ಲಕ್ವಾ ಹೊಡೆದಾಗ ಹೋದ ಮಾತು ಬೇಗ ಮರಳಿತು. ಕಾಲು ನಿಧಾನವಾಗಿ ಮರಳಿತು. ಬಲಗೈ ಮರಳಲಿಲ್ಲ. ಹೆಬ್ಬೆರಳನ್ನು ಒಳಗೆ ಹಾಕಿಕೊಂಡು ಉಳಿದ ಬೆರಳುಗಳು ಅದರ ಮೇಲೆ ಮಡಚಿಕೊಂಡು ಕುಳಿತವು. ದಿನಾಲೂ ಬಿಸಿನೀರಿನಲ್ಲಿ ಅದ್ದಿ ನಾನು ಒಂದೊಂದೇ ಬೆರಳು ಬಿಡಿಸುತ್ತಿದ್ದೆ. ಬಿಟ್ಟ ಕೂಡಲೇ ಮತ್ತೆ ಮಡಚಿಕೊಳ್ಳುತ್ತಿದ್ದವು.

ಎಡಗೈಯಿಂದ ಉಣ್ಣಲು ಅವ್ವ ಒಪ್ಪಲಿಲ್ಲ. ಅದು ತೊಳೆಯುವ ಕೈ, ಉಣ್ಣುವ ಕೈಯಲ್ಲ ಎಂದು ಅಕ್ಕನಿಗೂ ನನಗೂ ಸಣ್ಣವರಿದ್ದಾಗ ಕೈಮೇಲೆ ಹೊಡೆದು ಕಲಿಸಿದವಳು ಅವಳೇ. ಹೀಗಾಗಿ ನಾನೇ ರೊಟ್ಟಿ ಮುರಿದು, ಪಲ್ಯ ಹಚ್ಚಿ ಬಾಯಿಗಿಡಬೇಕಿತ್ತು. ನೆರೆಯವರು ಯಾರಾದರೂ ಬಂದರೆ ನಡುವೆಯೇ ಬಾಯಿ ಒರೆಸಿಕೊಂಡು, "ನಂದು ಆತು" ಎಂದುಬಿಡುತ್ತಿದ್ದಳು. ಅರ್ಧ ಹೊಟ್ಟೆಯಲ್ಲಿ ಎದ್ದ ದಿನಗಳೇ ಬಹಳ.

ನಾವಿಬ್ಬರೂ ಸಿಂಧನೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಾನು ತುರ್ವಿಹಾಳದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅಕ್ಕ ಮತ್ತು ಅವಳ ಗಂಡ, ನಮ್ಮ ಮಾವ, ಹಟ್ಟಿಯ ಕಂಪನಿ ಕ್ವಾರ್ಟರ್ಸಿನಲ್ಲಿದ್ದಾರೆ. ಮಾವನದು ಗಣಿಯಲ್ಲಿ ಪಾಳಿ ಕೆಲಸ. ಆ ವರ್ಷ ಅವರು ಲಿಂಗಸುಗೂರಿನಲ್ಲಿ ಸ್ವಂತದ ಮನೆ ಕಟ್ಟಿಸಿ ಮುಗಿಸಿದ್ದರು. ದಸರಾ ರಜೆ ತೀರುವ ಮುನ್ನ ಮನೆ ಶಾಂತಿ ಮಾಡಿ ಗೃಹಪ್ರವೇಶ ಮುಗಿಸುವುದೆಂದು ಗೊತ್ತಾಗಿತ್ತು.

ಸುದ್ದಿ ಕೇಳಿದ ದಿನವೇ ಅವ್ವ ತನ್ನ ತೀರ್ಮಾನ ಹೇಳಿದಳು. "ಹಿರೇ ಮಗಳ ಮನಿ ಶಾಂತಿ. ಬೀಗರು ಬಿಜ್ಜರು ಎಲ್ಲಾರೂ ಬರತಾರ. ಅವರ ಪಂಕ್ತ್ಯಾಗ ಕುಂತು ನನ್ನ ಕೈಲೆ ನಾ ಉಣ್ಣಬೇಕು. ಆಗಲಿಲ್ಲಂದ್ರ ನಾ ಬರಂಗಿಲ್ಲ. ನೀ ಒಬ್ಬಾಕೀನ ಹೋಗಿ ಬಾ."

ಕೈ ಬರಬೇಕಾದರೆ ಕೈಗೆ ಕೆಲಸ ಕೊಡಬೇಕಲ್ಲ. ಫಿಜಿಯೋಥೆರಪಿಯವರು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅವ್ವ ಅದನ್ನು ಎಡಗೈಯಲ್ಲಿ ತೆಗೆದುಕೊಂಡು ಹಿತ್ತಲಿಗೆ ಒಗೆದಳು. "ನಾ ಏನು ಅಂಗನವಾಡಿ ಕೂಸೇನು, ಚೆಂಡು ಹಿಡದು ಆಡಾಕ?"

ಆಗ ಬಂದವು ಮೊಲಗಳು. ನಮ್ಮ ಶಾಲೆಯ ಒಬ್ಬ ಟೀಚರ್ ತಮ್ಮ ಮಕ್ಕಳಿಗೆಂದು ಸಂತೆಯಲ್ಲಿ ತಂದಿದ್ದ ಜೋಡಿ. ಮಕ್ಕಳಿಗೆ ಬೇಸರವಾಗಿತ್ತು, ಅವರು ನನಗೆ ದಾಟಿಸಿದರು. ಗಂಡು ಹೆಣ್ಣು ಎಂದು ಹೇಳಿ ಮಾರಿದ್ದರಂತೆ. ಆಮೇಲೆ ನೋಡಿದರೆ ಎರಡೂ ಹೆಣ್ಣು, ಒಂದೇ ಸೂಲಿನವು. ಬೂದಿ ಬಣ್ಣದ್ದು ದೊಡ್ಡದು. ಬಿಳಿ ಮೈಯ, ಕರಿಕಿವಿಯದು ಸಣ್ಣದು. ಅವ್ವ ಅವನ್ನು ಹಿರ್ಯಾಕಿ, ಸಣ್ಣಾಕಿ ಎಂದಳು.

"ಕೋಳಿ ಆದ್ರ ತತ್ತಿ ಇಡತಾವು, ಆಡು ಆದ್ರ ಹಾಲು ಕೊಡತೈತಿ. ಇವೇನು ಕೊಡತಾವು?"

"ಹಿಕ್ಕಿ ಕೊಡತಾವು ಬೇ," ಎಂದೆ.

ಕಾಯಿಲೆಯಾದ ಮೇಲೆ ಅವ್ವ ನಕ್ಕಿದ್ದು ಆವತ್ತೇ ಮೊದಲು.

ಒಂದು ಬೆಳಿಗ್ಗೆ ಆಟಕ್ಕೆಂದು ಅವಳ ಮುಷ್ಟಿಯ ಸಂದಿಯಲ್ಲಿ ಮೆಂತೆಸೊಪ್ಪಿನ ದಂಟು ಸಿಕ್ಕಿಸಿದೆ. ಸಣ್ಣಾಕಿ ಬಂದು ಎಳೆಯಿತು. ದಂಟು ಜಾರಿಹೋಯಿತು. ಮತ್ತೊಂದು ಸಿಕ್ಕಿಸಿದೆ. ಈ ಸಲ ಅವ್ವ ಬಿಗಿ ಹಿಡಿದಳು. "ಬಿಡಂಗಿಲ್ಲ ಹೋಗ. ಪುಕ್ಕಟ ಬಂದೈತೇನು?" ಮೊಲ ಎಳೆಯಿತು, ಅವ್ವ ಹಿಡಿದಳು, ಕೊನೆಗೆ ಅವಳೇ ಬಿಟ್ಟಳು. ನಾನು ನೋಡಿದ್ದು ಆ ಬಿಟ್ಟದ್ದನ್ನು. ಹೆಬ್ಬೆರಳು ತಾನಾಗಿ ಹೊರಗೆ ಬಂದಿತ್ತು.

ಅಲ್ಲಿಂದ ಮುಂದೆ ಅದೇ ಅವಳ ಕೆಲಸವಾಯಿತು. ಮೆಂತೆ, ಕೊತ್ತಂಬರಿ, ಕಾಲುವೆ ದಂಡೆಯಿಂದ ತಂದ ಕರಿಕೆ ಹುಲ್ಲು. ಎಡಗೈಯಿಂದ ಬಲಗೈಗೆ ಕೊಡುವುದು, ಬಲಗೈಯಿಂದ ಮೊಲಕ್ಕೆ. ಹಿರ್ಯಾಕಿ ತಾಳ್ಮೆಯದು, ಒಂದೊಂದೇ ಎಲೆ ತಿನ್ನುತ್ತಿತ್ತು. ಸಣ್ಣಾಕಿ ಕಸಿಯುವ ಜಾತಿ. ತಿಂದಾದ ಮೇಲೆ ಎರಡೂ ಅವ್ವನ ಕಾಲಿನ ಬಳಿ ಮೈಗೆ ಮೈ ಹಚ್ಚಿ ಮಲಗುತ್ತಿದ್ದವು. ಒಂದು ಇನ್ನೊಂದರ ಹಣೆ ನೆಕ್ಕುತ್ತಿತ್ತು. ಶ್ರಾವಣದ ಹೊತ್ತಿಗೆ ಅವ್ವ ಬಲಗೈಯ ಮೂರು ಬೆರಳುಗಳಿಂದ ಕೊತ್ತಂಬರಿ ಎಲೆ ಚಿವುಟತೊಡಗಿದಳು. ಇನ್ನು ರೊಟ್ಟಿ ಮುರಿಯುವುದೊಂದು ಬಾಕಿ ಎಂದು ನಾನು ಅಕ್ಕನಿಗೆ ಫೋನಿನಲ್ಲಿ ಹೇಳಿದೆ.

ದಸರಾ ರಜೆ ಶುರುವಾಗುವ ವಾರ ಹಿರ್ಯಾಕಿಯ ದವಡೆಯ ಕೆಳಗೆ ಗಂಟೊಂದು ಎದ್ದಿತು. ಮೊಲ ಮುಟ್ಟಿ ಗೊತ್ತಿರುವ ಡಾಕ್ಟರು ಮಸ್ಕಿಯಲ್ಲಿದ್ದಾರೆ ಎಂದು ಯಾರೋ ಹೇಳಿದರು. ವಯಸ್ಸು ಚಿಕ್ಕದು, ಹೆಣ್ಣುಮಗಳು. ಹಿಡಿಕೆಯಿರುವ ಮುಚ್ಚಳದ ಬುಟ್ಟಿಯಲ್ಲಿ ಹಿರ್ಯಾಕಿಯೊಂದನ್ನೇ ಬಸ್ಸಿನಲ್ಲಿ ಒಯ್ದೆ. ಗಂಟಿನಲ್ಲಿ ಕೀವು ತುಂಬಿತ್ತು. ಅದನ್ನು ಕೊಯ್ದು ತೆಗೆದು, ಒಂದು ರಾತ್ರಿ ತಮ್ಮಲ್ಲೇ ಇರಲಿ ಎಂದರು.

ಮನೆಯಲ್ಲಿ ಸಣ್ಣಾಕಿ ಗೋಡೆಗೆ ಮುಖ ಮಾಡಿ ಕುಳಿತಿತ್ತು. ಸೊಪ್ಪು ಮುಟ್ಟಲಿಲ್ಲ. ಅವ್ವ ಅದರ ಮುಂದೆ ಕೈ ಚಾಚಿ ಚಾಚಿ ಸೋತಳು. "ಅಕ್ಕ ಬರತಾಳ, ತಿನ್ನು. ನಾಳೀಗೆ ಬರತಾಳ." ಮೊಲ ಒಂದು ದಿನ ತಿನ್ನದಿದ್ದರೆ ಅದರ ಕರುಳು ನಿಂತುಹೋಗುತ್ತದೆ ಎಂದು ಡಾಕ್ಟರು ನನಗೆ ಹೇಳಿದ್ದರು. ನಾನು ಅದನ್ನು ಅವ್ವನಿಗೆ ಹೇಳಲಿಲ್ಲ.

ಮರುದಿನ ಮಧ್ಯಾಹ್ನ ಹಿರ್ಯಾಕಿಯನ್ನು ತಂದೆ. ಅವ್ವ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ಅಡ್ಡ ನಿಂತಳು.

"ದವಾಖಾನಿಗೆ ಹೋಗಿ ಬಂದದ್ದನ್ನ ಹಂಗ ಒಳಗ ಕರಕೊಂತಾರೇನು? ಹೊಸ್ತಿಲದಾಗ ನಿಂದ್ರು."

ನಮ್ಮ ಮನೆಯಲ್ಲಿ ಬಾಣಂತಿ ಬಂದರೂ, ಆಪರೇಷನ್ ಆದವರು ಬಂದರೂ ಹೀಗೆಯೇ. ಒಣಮೆಣಸಿನಕಾಯಿ, ಉಪ್ಪು ಇಳಿಸಿ ಒಲೆಗೆ ಹಾಕಿದೆ. ಲೋಬಾನದ ಹೊಗೆ ಹಿಡಿದೆ. ಅವ್ವ ಕುಳಿತುಕೊಂಡು ಮೊಲವನ್ನು ತೊಡೆಯ ಮೇಲೆ ಹಾಕಿಸಿಕೊಂಡಳು. ಎಣ್ಣೆಯಲ್ಲಿ ಕಲಸಿದ ಅರಿಷಿಣವನ್ನು ಬಲಗೈಯ ಬೆರಳುಗಳಿಂದ ತೆಗೆದು, ಗಾಯದ ಸುತ್ತ, ಕುತ್ತಿಗೆಗೆ, ಬೆನ್ನಿಗೆ ತಾನೇ ಹಚ್ಚಿದಳು. ಬೆರಳುಗಳು ಅಗಲವಾಗಿ ಹರಡಿಕೊಂಡು ಬೂದಿ ಕೂದಲಿನ ಮೇಲೆ ಸರಿಯುತ್ತಿದ್ದವು. ಅಷ್ಟು ಅಗಲವಾಗಿ ಅವು ತೆರೆದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನ್ನ ಕಣ್ಣು ಪೂರ್ತಿ ಅಲ್ಲೇ ಇತ್ತು.

"ಆತು. ಈಗ ಬಿಡು ಅಕಿ ತಂಗಿ ಹತ್ರ," ಎಂದಳು.

ನಾನು ನೆಲಕ್ಕೆ ಬಿಟ್ಟೆ. ಸಣ್ಣಾಕಿ ಗೋಡೆ ಬಿಟ್ಟು ಇತ್ತ ತಿರುಗಿತು. ಹತ್ತಿರ ಬಂದು ಮೂಗಾಡಿಸಿತು. ಕಿವಿಗಳು ಹಿಂದಕ್ಕೆ ಬಿದ್ದವು, ಬಾಲ ನೆಟ್ಟಗೆ ನಿಂತಿತು. ಆಮೇಲೆ ನಡೆದದ್ದನ್ನು ಬಿಡಿಸಿ ಹೇಳುವುದು ಕಷ್ಟ. ಎರಡೂ ಒಂದೇ ಉಂಡೆಯಾಗಿ ನೆಲದ ಮೇಲೆ ಉರುಳಿದವು. ಮೊಲಕ್ಕೆ ದನಿಯಿಲ್ಲ ಎಂದು ತಿಳಿದಿದ್ದೆ. ಆ ಉಂಡೆಯೊಳಗಿಂದ ಬಂದ ಗುರುಗುಡುವ ದನಿ ನಾಯಿಯದಿರಬೇಕು ಅನ್ನುವಂತಿತ್ತು. ಕೂದಲು ಹಾರುತ್ತಿತ್ತು. ಹಿಂಗಾಲುಗಳು ಹೊಟ್ಟೆಗೆ ಒದೆಯುತ್ತಿದ್ದವು.

"ಬಿಡಸು ಲೇ! ಬಿಡಸು!" ಎಂದ ಅವ್ವ ನಾನು ಕಸಬರಿಗೆ ತರುವಷ್ಟರಲ್ಲಿ ತಾನೇ ಬಾಗಿ ಕೈಹಾಕಿದ್ದಳು. ಬಲಗೈ. ಸಣ್ಣಾಕಿ ಅದನ್ನು ಕಚ್ಚಿತು. ಕಿರುಬೆರಳು ಮತ್ತು ಅದರ ಪಕ್ಕದ್ದು. ಬಿಡದೆ ಕಚ್ಚಿತು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು, ಸೂಜಿ ಮಾಡಿದರು. ಬರುವಾಗ ಆಟೋದಲ್ಲಿ ಅವ್ವ ಪಟ್ಟಿ ಕಟ್ಟಿದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಮನೆಗೆ ಬಂದ ಮೇಲೆ ಹೇಳಿದ್ದು ಇಷ್ಟೇ: "ಅಕಿ ನನ್ನ ಮರತಾಳ."

ಪಟ್ಟಿ ಬದಲಿಸುವಾಗ ನೋಡಿದೆ. ಬೆರಳುಗಳು ಮತ್ತೆ ಒಳಗೆ ಹೋಗಿದ್ದವು. ಹೆಬ್ಬೆರಳೂ.

ಮೊಲಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಹಾಕಿ ಮಸ್ಕಿಯ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಮೊದಲು ಕೇಳಿದ್ದೇ ಇದನ್ನು: "ಒಳಗ ಬಿಡೂಕಿಂತ ಮೊದಲು ಅದಕ್ಕ ಏನರ ಹಚ್ಚಿದ್ರೇನ್ರಿ?"

ಹೇಳಿದೆ.

"ಅವಕ್ಕ ಮಾರಿ ಗುರುತು ಕಡಿಮಿರಿ ಮೇಡಂ, ವಾಸನೀನ ಗುರುತು. ನಮ್ಮ ಔಷಧದ ವಾಸನಿ, ಮ್ಯಾಲೆ ಲೋಬಾನ, ಅರಿಷಿಣ. ಸಣ್ಣದಕ್ಕ ಅದು ತನ್ನ ಅಕ್ಕ ಅನ್ನಿಸಿಲ್ಲ. ಯಾವುದೋ ಹೊರಗಿನ ಮೊಲ ತನ್ನ ಮನಿ ಹೊಕ್ಕೈತಿ ಅಂತ ತಿಳಕೊಂಡು ಬಡದೈತಿ."

"ವಾಸನಿ ಹೋದ ಮ್ಯಾಲೆ ಸರಿ ಆಗತೈತೇನ್ರಿ?"

"ಒಮ್ಮೆ ಬಡದಾಡಿದ್ವು ಅಂದ್ರ ಅಷ್ಟು ಸಸಾರ ಅಲ್ರಿ. ಇನ್ನ ಮ್ಯಾಲೆ ಅವು ಪರಿಚಯ ಇಲ್ಲದ ಎರಡು ಮೊಲ ಅಂತಾನ ತಿಳೀರಿ. ಮೊದಲಿಂದ ಕೂಡಸಬೇಕು. ನಿಮ್ಮ ಮನ್ಯಾಗ ಆಗೂದಿಲ್ಲ, ಮೂಲಿ ಮೂಲಿ ಸಣ್ಣದರ ವಾಸನಿ ಐತಿ. ಎರಡೂ ಒಮ್ಮೆನೂ ಕಾಲಿಡದ ಜಾಗಾ ಬೇಕು. ಯಾವ ಪ್ರಾಣೀದೂ ವಾಸನಿ ಇರಬಾರದು."

ಅಂಥ ಜಾಗ ಎಲ್ಲಿ ತರುವುದು? ನೆರೆಯಲ್ಲಿ ಎಲ್ಲರ ಮನೆಯಲ್ಲೂ ಬೆಕ್ಕು, ನಾಯಿ, ಎಮ್ಮೆ. ನನಗೆ ನೆನಪಾದದ್ದು ಒಂದೇ ಜಾಗ. ಬಣ್ಣ ಹಚ್ಚಿ ಮುಗಿದು, ಬೀಗ ಹಾಕಿ ನಿಂತಿದ್ದ ಅಕ್ಕನ ಹೊಸ ಮನೆ.

ಅಕ್ಕ ಒಪ್ಪಿದಳು. ಮಾವ ಫೋನು ಕಸಿದುಕೊಂಡರು.

"ಟೀಚರಮ್ಮ, ಎಲ್ಲಾಕಿಂತ ಮೊದಲು ಆಕಳ ಒಳಗ ಹೋಗಬೇಕು ಅಂತ ಐನಾರು ಹೇಳ್ಯಾರ. ನೀ ಮೊಲ ಹೊಗಸ್ತೀನಿ ಅಂತೀ. ನಾಳೆ ಆಮಂತ್ರಣ ಪತ್ರಿಕಾದಾಗ ಏನಂತ ಹಾಕಸಲಿ? ಮೊಲಪ್ರವೇಶ ಅಂತ ಹಾಕಸಲೇನು?"

"ಹಿಂದಿನ ಸಾಮಾನಿನ ಕೋಣಿ ಸಾಕ್ರಿ ಮಾಮಾ. ಅಡಗಿಮನಿಗೆ, ದೇವರ ಕೋಣಿಗೆ ಬರಂಗಿಲ್ಲ."

ನಗುವ ದನಿ ಹೋಗಿ ಬೇರೆ ದನಿ ಬಂತು. "ನೋಡು, ಅತ್ತಿ ಕೈ ಸಲುವಾಗಿ ಹೂಂ ಅಂತೀನಿ. ಆದ್ರ ಶಾಂತಿ ಆಗೂಕಿಂತ ಮೊದಲು ಹೊಸ ಮನ್ಯಾಗ ನೆತ್ತರ ಬೀಳಬಾರದು. ನಾನು ದಿನಾ ನೆಲದ ಬುಡಕ ಇಳಿಯಾಂವ. ಇಂಥವೆಲ್ಲಾ ನಾ ನಂಬತೀನಿ. ಒಂದು ಹನಿ ಬಿತ್ತಂದ್ರ ಅವತ್ತಿಗವತ್ತ ಹೊರಗ."

ಇದನ್ನು ಅವ್ವನಿಗೆ ತಿಳಿಸಿದಾಗ, "ಅಳಿಯಂದಿರು ಹೇಳೂದು ಬರೋಬರಿ ಐತಿ," ಎಂದಳು. ಮನೆಯಲ್ಲಿ ಇಂಥ ಶಾಸ್ತ್ರಗಳನ್ನೆಲ್ಲ ಹಿಡಿದು ನಡೆಸಿದವಳು ಅವಳು. ಬರಲೂ ಒಲ್ಲೆ ಎಂದಳು. ಸಣ್ಣಾಕಿ ಸೊಪ್ಪು ಸರಿಯಾಗಿ ತಿನ್ನುತ್ತಿಲ್ಲ, ನೀನು ಕುಳಿತಲ್ಲಿ ಮಾತ್ರ ಅದು ತಿಂದೀತು ಎಂದು ನಾನು ಬೇಡಿಕೊಂಡ ಮೇಲೆ ಸೀರೆ ಮಡಚಿ ಚೀಲಕ್ಕೆ ಹಾಕಿದಳು.

ಸಿಂಧನೂರಿನಿಂದ ಮಸ್ಕಿಯವರೆಗೆ ಎರಡು ಬುಟ್ಟಿ, ಎರಡು ಬೇರೆ ಸೀಟು. ಮಸ್ಕಿಯಲ್ಲಿ ಇಳಿದು ಡಾಕ್ಟರ ಹತ್ತಿರ ಹೋದೆವು. ಅವರು ಹಿರ್ಯಾಕಿಯ ಕೂದಲಿನ ಎಣ್ಣೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಒರೆಸಿ ತೆಗೆದರು. ಆಮೇಲೆ ಒಂದು ಒಣ ಬಟ್ಟೆಯನ್ನು ಇದಕ್ಕೆ ತಿಕ್ಕಿ ಅದಕ್ಕೆ, ಅದಕ್ಕೆ ತಿಕ್ಕಿ ಇದಕ್ಕೆ ಹಚ್ಚಿದರು. "ಇಲ್ಲಿಂದ ಲಿಂಗಸುಗೂರಿಗೆ ಒಂದ ಬುಟ್ಟ್ಯಾಗ ಒಯ್ಯಿರಿ. ಬಸ್ಸಿನ ಅಂಜಿಕಿಗೆ ಒಂದಕ್ಕೊಂದು ಆತುಕೊಂಡು ಕುಂದ್ರಬಹುದು. ಕುಂದ್ರದೇನೂ ಇರಬಹುದು. ಕೈಗೆ ದಪ್ಪ ಬಟ್ಟಿ ಸುತ್ತಿಕೊಂಡು ನಡುವ ಇಡ್ರಿ. ಜಗಳ ಶುರು ಆತಂದ್ರ ತಡಾ ಮಾಡಬ್ಯಾಡ್ರಿ, ಬ್ಯಾರೆ ಮಾಡಿಬಿಡ್ರಿ."

ಆ ದಾರಿಯಲ್ಲಿ ನಾನು ಎಷ್ಟೋ ಸಲ ಹೋಗಿದ್ದೇನೆ. ಆವತ್ತು ಕಿಟಕಿಯ ಹೊರಗಿನದು ಒಂದೂ ನೆನಪಿಲ್ಲ. ನನ್ನ ಬಲಗೈಗೆ ಟವೆಲ್ ಸುತ್ತಿ ಬುಟ್ಟಿಯೊಳಗೆ ಇಟ್ಟಿದ್ದೆ. ಎರಡೂ ಕಡೆಯಿಂದ ಎದೆ ಬಡಿತ ಟವೆಲಿಗೆ ತಾಗುತ್ತಿತ್ತು. ಬಸ್ಸು ಕುಣಿಯಲ್ಲಿ ಎಗರಿದಾಗಲೆಲ್ಲ ಒಳಗೆ ಉಗುರಿನ ಸಪ್ಪಳ.

ಮುಂದಿನ ಸೀಟಿನವನು ತಿರುಗಿ ನೋಡಿದ. "ಏನ್ರಿ ಯಕ್ಕಾ ಬುಟ್ಟ್ಯಾಗ? ಕೋಳಿ ಏನ್ರಿ?"

"ಮೊಲ."

"ಅಬಬಬಾ! ಲಿಂಗಸುಗೂರಾಗ ಯಾರ ಮನ್ಯಾಗ್ರಿ ಊಟ?"

"ನಿಮ್ಮ ಮನ್ಯಾಗಪಾ," ಎಂದಳು ಅವ್ವ. "ಕಾರ ಅರಿಯಾಕ ನಿನ್ನ ಕರಸ್ತೀನಿ. ಅಲ್ಲೀಮಟ ಸುಮ್ಮ ಮುಂದ ನೋಡಿಕೊಂಡು ಕುಂದ್ರು."

ಬಸ್ಸಿನಲ್ಲಿ ನಾಲ್ಕು ಜನ ನಕ್ಕರು. ಅಷ್ಟರಲ್ಲಿ ಬುಟ್ಟಿಯೊಳಗಿಂದ ಆ ಗುರುಗುಟ್ಟುವ ದನಿ ಸಣ್ಣಗೆ ಬಂತು. ನಾನು ಟವೆಲಿನ ಕೈಯನ್ನು ಅಗಲ ಮಾಡಿದೆ. ದನಿ ನಿಂತಿತು. ಲಿಂಗಸುಗೂರು ಬರುವವರೆಗೆ ಕೈಯನ್ನು ಹಾಗೆಯೇ ಇಟ್ಟುಕೊಂಡೆ.

ಶಾಂತಿಯಾಗದ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ, ಮಲಗುವಂತಿಲ್ಲ. ಅಂಗಳದಲ್ಲಿ ಸಿಮೆಂಟು ಇಡಲು ಹಾಕಿದ್ದ ತಗಡಿನ ಶೆಡ್ಡಿನಲ್ಲಿ ನಮ್ಮ ಹಾಸಿಗೆ. ಹಟ್ಟಿಯಿಂದ ಅಕ್ಕ ಕಟ್ಟಿಕೊಟ್ಟ ಬುತ್ತಿಯನ್ನು ಮಾವ ಪಾಳಿ ನೋಡಿಕೊಂಡು ತರುತ್ತಿದ್ದರು. ಸಾಮಾನಿನ ಕೋಣೆಯ ನುಣ್ಣನೆಯ ಟೈಲ್ಸಿನ ಮೇಲೆ ಮೊಲಗಳ ಕಾಲುಗಳು ಜಾರುತ್ತಿದ್ದವು. ಹೊಸ ಗೋಣಿಚೀಲ ಹಾಸಿದೆ. ನಡುವೆ ಕಬ್ಬಿಣದ ಜಾಳಿಗೆ ಕಟ್ಟಿ ಈ ಕಡೆ ಒಂದು, ಆ ಕಡೆ ಒಂದು ಬಿಟ್ಟೆ. ದಿನಾ ಬೆಳಿಗ್ಗೆ ಅವುಗಳ ಜಾಗ ಅದಲುಬದಲು ಮಾಡುತ್ತಿದ್ದೆ, ಒಂದರ ವಾಸನೆಯಲ್ಲಿ ಇನ್ನೊಂದು ಮಲಗಲಿ ಎಂದು.

ಜಾಳಿಗೆಯ ಹತ್ತಿರವೇ ಅವ್ವ ಕಾಲು ಚಾಚಿ ಕೂರುತ್ತಿದ್ದಳು. ಎರಡೂ ಕಡೆ ಒಂದೇ ಹೊತ್ತಿಗೆ ಸೊಪ್ಪು ಚಾಚುತ್ತಿದ್ದಳು, ಎಡಗೈಯಿಂದ. ಸಣ್ಣಾಕಿ ದೂರ ನಿಂತೇ ಕತ್ತು ಉದ್ದ ಮಾಡಿ ತಿನ್ನುತ್ತಿತ್ತು. ತಿಂದಿತು ಅನ್ನುವುದೇ ದೊಡ್ಡದು. ಬಲಗೈ ಸೆರಗಿನಿಂದ ಹೊರಗೆ ಬರಲಿಲ್ಲ. "ಒಂದೆಲಿ ಆ ಕೈಲೆ ಕೊಡಬೇ," ಎಂದು ಒಮ್ಮೆ ಹೇಳಿದೆ.

"ಕಚ್ಚಿಸಿಕೊಂಡಾಕಿ ನಾನೋ ನೀನೋ?"

ಮತ್ತೆ ಕೇಳಲಿಲ್ಲ. ಶಾಂತಿಯ ದಿನ ಹತ್ತಿರ ಬರುತ್ತಿತ್ತು. ಅವ್ವ ಪಂಕ್ತಿಯ ಮಾತನ್ನು ತೆಗೆಯುವುದನ್ನೇ ಬಿಟ್ಟಿದ್ದಳು.

ಜಾಳಿಗೆಯ ಎರಡೂ ಬದಿ ಅವು ಒಂದನ್ನೊಂದು ನೋಡುತ್ತಲೇ ಮಲಗತೊಡಗಿದ ಮೇಲೆ ಜಾಳಿಗೆ ತೆಗೆದು ನೋಡಲು ಡಾಕ್ಟರು ಹೇಳಿದರು. ಮೊದಲ ಸಲ ತೆಗೆದಾಗ ಸಣ್ಣಾಕಿ ಅಟ್ಟಿಸಿಕೊಂಡು ಹೋಯಿತು. ನಾನು ನಡುವೆ ಬುಟ್ಟಿ ಮಗುಚಿದೆ. ಎರಡನೆಯ ಸಲ ಒಂದರ ಹಿಂದೆ ಒಂದು ಸುತ್ತತೊಡಗಿದವು, ಮೂಗಿಗೆ ಬಾಲ, ಬಾಲಕ್ಕೆ ಮೂಗು. ಆ ಸುತ್ತು ಬಿಗಿಯಾಗುತ್ತ ಬಂದರೆ ಅಪಾಯ ಎಂದು ಗೊತ್ತಿತ್ತು. ಜಗಳವೂ ಆಗಲಿಲ್ಲ, ಕೂಡುವುದೂ ಆಗಲಿಲ್ಲ, ದಣಿದು ಎರಡು ಮೂಲೆ ಸೇರಿದವು.

ಮುಂದಿನ ಸಲ ಮಧ್ಯಾಹ್ನದ ಹೊತ್ತು. ಅವ್ವ ಕೋಣೆಯ ನಡುವೆ ಕುಳಿತಿದ್ದಳು. ನಾನು ಬಾಗಿಲ ಕಡೆ ಕಸಬರಿಗೆ ಹಿಡಿದು ನಿಂತಿದ್ದೆ. ಹಿರ್ಯಾಕಿ ಗೋಣಿಚೀಲ ಬಿಟ್ಟು ಬರಿ ಟೈಲ್ಸಿನ ಮೇಲೆ ಅವ್ವನ ಕಡೆ ಹೊರಟಿತು. ಕಾಲು ಜಾರಿ ಪಕ್ಕಕ್ಕೆ ಬಿತ್ತು. ಬಿದ್ದದ್ದೇ ತಡ, ಸಣ್ಣಾಕಿ ಅದರ ಮೇಲೆ ಹಾರಿತು. ನಾನು ಕಸಬರಿಗೆ ತೂರಿಸಿ ಬೇರೆ ಮಾಡಿದೆ. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಸಣ್ಣಾಕಿ ಹಿಂದೆ ಸರಿದು ನಿಂತಿತು. ಹಿರ್ಯಾಕಿ ಎದ್ದು ತಲೆ ಕೊಡವಿತು. ಕಿವಿಯ ಅಂಚು ಹರಿದಿತ್ತು. ಅವ್ವನ ಮುಂದೆ, ಹೊಸ ಮನೆಯ ಬಿಳಿ ನೆಲದ ಮೇಲೆ, ನೆತ್ತರಿನ ಹನಿ.

ಹೊರಗೆ ಮಾವನ ಗಾಡಿ ನಿಂತ ಸಪ್ಪಳವಾಯಿತು. ಬುತ್ತಿ ತಂದಿದ್ದರು. ಪಡಸಾಲೆಯಲ್ಲಿ ಚಪ್ಪಲಿ ಬಿಟ್ಟದ್ದು ಕೇಳಿಸಿತು.

ನಾನು ಒರೆಸಲು ಬಟ್ಟೆಗಾಗಿ ಅತ್ತಿತ್ತ ನೋಡಿದೆ. ಅವ್ವ ನೋಡಲಿಲ್ಲ. ಸೆರಗಿನ ಒಳಗಿನಿಂದ ಬಲಗೈ ತೆಗೆದು ಹನಿಯ ಮೇಲೆ ಇಟ್ಟಳು. ಮುಷ್ಟಿ. ಮುಷ್ಟಿಯ ಸುತ್ತ ಕೆಂಪು ಕಾಣುತ್ತಿತ್ತು. ಅವಳು ಮುಂಗೈಯ ಮೇಲೆ ಮೈಭಾರ ಹಾಕಿದಳು. ಹೆಬ್ಬೆರಳು ಹೊರಗೆ ಬಂತು. ತೋರುಬೆರಳು, ನಡುಬೆರಳು ನೆಲಕ್ಕೆ ಹರಡಿದವು. ಹೊಲಿಗೆಯ ಎರಡು ಬೆರಳು ಕೊನೆಗೆ, ನಡುಗುತ್ತ. ಅವಳ ಬಾಯಿ ಬಿಗಿದುಕೊಂಡಿತ್ತು, ಕಣ್ಣಂಚಿನಲ್ಲಿ ನೀರು ಬಂದಿತ್ತು. ಅಂಗೈ ಪೂರ್ತಿ ನೆಲಕ್ಕೆ ಹತ್ತಿತು.

ಮಾವ ಬಾಗಿಲಲ್ಲಿ ನಿಂತರು. "ಏನಾತು ಅತ್ತಿ? ಬಿದ್ರೇನು?"

"ಏನಿಲ್ರಿ. ಏಳಾಕ ನೆಲ ಹಿಡದೀನಿ."

"ಬರ್ರಿ, ನಾ ಎಬ್ಬಸ್ತೀನಿ."

"ಬ್ಯಾಡ್ರಿ, ಬ್ಯಾಡ್ರಿ. ಇನ್ನೊಂದೀಟು ಕುಂದರತೀನಿ. ನೀವು ಬುತ್ತಿ ಅಲ್ಲೇ ಶೆಡ್ಡಿನ್ಯಾಗ ಇಟ್ಟು ಪಾಳಿಗೆ ನಡೀರಿ, ಹೊತ್ತಾತು."

ಮಾವ ನನ್ನನ್ನು ನೋಡಿದರು. ಕೋಣೆಯೊಳಗೆ ಕಣ್ಣಾಡಿಸಿದರು. ಹಿರ್ಯಾಕಿ ಹರಿದ ಕಿವಿಯನ್ನು ಮೈಗೆ ಹಚ್ಚಿ ಅವ್ವನ ಬೆನ್ನ ಹಿಂದೆ ಸೇರಿತ್ತು. ಅವರಿಗೆ ಕಂಡದ್ದು ಸಣ್ಣಾಕಿ ಮಾತ್ರ. "ಇದೊಂದು ಬಾಳ ಜೋರೈತಿ," ಎಂದು ಹೋದರು.

ಗಾಡಿಯ ಸಪ್ಪಳ ದೂರವಾದ ಮೇಲೂ ಅವ್ವ ಕೈ ಎತ್ತಲಿಲ್ಲ. ನಾನು ಮುಂಗೈ ಹಿಡಿದು ಎತ್ತಿದೆ. ಬೆರಳುಗಳು ಮಡಚಿಕೊಳ್ಳಲಿಲ್ಲ. ಹಸ್ತದ ಗೆರೆಗಳಲ್ಲಿ ನೆತ್ತರು ಇಂಗಿತ್ತು. ನಾನು ನೆಲ ಒರೆಸಿದೆ, ಕೈ ತೊಳೆಸಿದೆ.

"ಯಾರ ಮುಂದೂ ಬಾಯಿ ಬಿಡಬ್ಯಾಡ," ಎಂದಳು. "ನಿಮ್ಮಕ್ಕನ ಮುಂದೂ."

ಹೂಂ ಎಂದೆ. ಹೊಸ್ತಿಲಿಗೆ ಕಾಲು ತಗಲಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಅವ್ವ ಅದನ್ನು ಮಾಡಿದ್ದಳು. ಮಗಳ ಮನೆಯಲ್ಲಿ, ಅಳಿಯನ ಕಣ್ಣೆದುರಿಗೆ. ಮಾವ ಪಾಳಿಗೆ ಹೋದ ದಿನವೆಲ್ಲ ಅವರು ಗಣಿಯಿಂದ ಮೇಲೆ ಬರುವ ಹೊತ್ತಾಗುವವರೆಗೆ ಅವಳು ಉಣ್ಣುತ್ತಿರಲಿಲ್ಲ. ಅಕ್ಕನಿಗೆ ಫೋನ್ ಮಾಡಿಸುವಳು. "ಬಂದ್ರೇನು ಕೇಳು." ಬಂದರು ಎಂದ ಮೇಲೆ, "ಹೂಂ, ತಾ," ಎನ್ನುವಳು. ನಾನು ತುತ್ತು ಇಡುತ್ತಿದ್ದೆ.

ಮೊಲಗಳದು ಒಂದು ಬೆಳಿಗ್ಗೆ ತೀರ್ಮಾನವಾಯಿತು. ಜಾಳಿಗೆ ತೆಗೆದೆ. ಸಣ್ಣಾಕಿ ನೇರವಾಗಿ ಹೋಗಿ ಹಿರ್ಯಾಕಿಯ ಮುಂದೆ ತಲೆಯನ್ನು ನೆಲಕ್ಕೆ ಹಚ್ಚಿತು. ನನ್ನ ಹಣೆ ನೆಕ್ಕು ಎಂದು ಕೇಳುವ ಬಗೆ ಅದು. ಹಿರ್ಯಾಕಿ ಅಲ್ಲಾಡಲಿಲ್ಲ. ನಾನು ಕಸಬರಿಗೆ ಬಿಗಿಹಿಡಿದೆ. ಬಹಳ ಹೊತ್ತು ಎರಡೂ ಕಲ್ಲಿನ ಹಾಗೆ ಇದ್ದವು. ನೆಕ್ಕದಿದ್ದರೆ ಸಣ್ಣಾಕಿ ಕಚ್ಚುತ್ತದೆ, ಕಚ್ಚಿದರೆ ಮುಗಿಯಿತು. ಅವ್ವ ಉಸಿರು ಬಿಡುವುದು ನನಗೆ ಕೇಳುತ್ತಿತ್ತು. ಹಿರ್ಯಾಕಿ ಒಮ್ಮೆ ಅತ್ತ ನೋಡಿತು. ಆಮೇಲೆ ಬಾಗಿ ಆ ಬಿಳಿ ಹಣೆಯನ್ನು ನೆಕ್ಕಿತು. ನಿಲ್ಲಿಸಿತು. ಮತ್ತೆ ನೆಕ್ಕಿತು.

"ಅಕ್ಕ ಆದಾಕಿಗೆ ಇದ ಹಣೀಬರ," ಎಂದಳು ಅವ್ವ.

ಆ ರಾತ್ರಿಯಿಂದ ಅವು ಕೂಡಿಯೇ ಮಲಗಿದವು. ಆದರೆ ಡಾಕ್ಟರು ಎಚ್ಚರಿಸಿದ್ದರು. ಹೊಸದಾಗಿ ಕೂಡಿದವು, ಜೋರು ಸಪ್ಪಳಕ್ಕೆ ಅಂಜಿ ಒಂದರ ಮೇಲೊಂದು ಬೀಳಬಹುದು. ಶಾಂತಿಯ ದಿನ ಜೋಪಾನ. ಅಂಜಿಕೆಗೇ ಮೊಲದ ಜೀವ ಹೋಗುವುದೂ ಉಂಟು.

ಶಾಂತಿಯ ದಿನ ಅವ್ವ ನಸುಕಿನಲ್ಲೇ ಮಿಂದು ಆ ಕೋಣೆ ಸೇರಿದಳು. ಆಕಳು ಒಳಗೆ ಬಂತು. ಪಡಸಾಲೆಯಲ್ಲಿ ಸಗಣಿ ಹಾಕಿತು, ಎಲ್ಲರಿಗೂ ಖುಷಿ. ಮಾವ ಅಕ್ಕನ ಕಡೆ ನೋಡಿ ನಕ್ಕರು. ಅವರ ಹೆಗಲಿನ ಬಿಗಿತ ಆಗ ಇಳಿದದ್ದನ್ನು ಕಂಡೆ. ಪೂಜೆಗೆ ಕರೆದರೂ ಅವ್ವ ಹೊರಗೆ ಬರಲಿಲ್ಲ. ಮೊಲಗಳಿಗಾಗಿಯೋ, ಆ ಹನಿಗಾಗಿಯೋ, ನನಗೆ ತಿಳಿಯಲಿಲ್ಲ.

ಮಧ್ಯಾಹ್ನ ಪಂಕ್ತಿ ಕೂತಿತು. ಅಕ್ಕ ಇಬ್ಬರು ಬೀಗತಿಯರ ನಡುವೆ ಅವ್ವನಿಗೆಂದು ಎಲೆ ಹಾಕಿದ್ದಳು. "ಅವ್ವನ್ನ ಕರಕೊಂಡು ಬಾ. ನಾ ಪಕ್ಕದಾಗ ಕುಂತು ಉಣಸ್ತೀನಿ ಅಂತ ಹೇಳು." ನಾನು ಹೊರಟೆ. ಸೋದರತ್ತೆ, ಅಪ್ಪನ ತಂಗಿ, ನನ್ನ ಹಿಂದೆಯೇ ಬಂದಳು. ಅಂಗಳದಲ್ಲಿ ಮಾವನ ಗೆಳೆಯರು ಪಟಾಕಿ ಸರ ಹಚ್ಚಿದ್ದು ಆಗಲೇ. ಕಿಟಕಿಯ ಗಾಜುಗಳು ನಡುಗಿದವು. ಓಡಿಹೋಗಿ ಬಾಗಿಲು ತಳ್ಳಿದೆ.

ಅವ್ವ ಗೋಡೆಗೆ ಒರಗಿ ಕುಳಿತಿದ್ದಳು. ಎರಡೂ ಮೊಲಗಳು ಅವಳ ತೊಡೆಗೆ ಒತ್ತಿಕೊಂಡು ನೆಲಕ್ಕೆ ಚಪ್ಪಟೆಯಾಗಿದ್ದವು. ಬಲಗೈ ಎರಡರ ಬೆನ್ನಿಗೂ ಅಡ್ಡಲಾಗಿ ಇತ್ತು, ಬೆರಳುಗಳು ತೆರೆದಿದ್ದವು, ಕಿರುಬೆರಳೊಂದನ್ನು ಬಿಟ್ಟು. ಅವುಗಳ ನಡುಕಕ್ಕೆ ಕೈಯೂ ನಡುಗುತ್ತಿತ್ತು. ಎತ್ತಿದ್ದರೆ ಅವು ಎತ್ತ ಹಾರುತ್ತಿದ್ದವೋ.

ಎಡಬದಿಗೆ ತಾಟು. ಯಾರು ತಂದುಕೊಟ್ಟಿದ್ದರೋ. ಹೋಳಿಗೆ ಅರ್ಧ ಆಗಿತ್ತು. ಅವ್ವ ಎಡಗೈಯಿಂದ ಇನ್ನೊಂದು ತುಂಡು ಮುರಿದು, ತುಪ್ಪಕ್ಕೆ ಅದ್ದಿ ಬಾಯಿಗೆ ಹಾಕಿಕೊಂಡಳು.

ಸೋದರತ್ತೆ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. "ಯವ್ವಾ! ಎಡಗೈಲೆ ಉಣ್ಣಾಕತ್ತೀಯೇನ ವೈನಿ?"

ಅವ್ವ ಬಾಯಿ ಒರೆಸಿಕೊಳ್ಳಲಿಲ್ಲ. ಅಗಿಯುವುದನ್ನು ಮುಗಿಸಿದಳು.

"ಹೂಂ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಬಾಗಲಾ ಮುಚ್ಚು. ಸಪ್ಪಳ ಬರಾಕತ್ತೈತಿ."